ಹನ್ನೊಂದನೆಯ ಮರದವರೆಗೆ

ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆಯೇ ಎಂದು ನೋಡಿಕೊಂಡು ಬರುವುದು ನನ್ನ ಕೆಲಸವಾಗಿತ್ತು. ಇಂಥದ್ದಕ್ಕೂ ಸರ್ಕಾರ ಸಂಬಳ ಕೊಡುತ್ತದೆ ಎಂದರೆ ನಮ್ಮೂರಿನಲ್ಲಿ ಯಾರೂ ನಂಬಲಿಲ್ಲ. ನನಗೆ ಹೆಣ್ಣು ಕೊಟ್ಟವರು ಕೂಡ ತಮ್ಮ ನೆಂಟರ ಹತ್ತಿರ ‘ಹುಡುಗ ಆರೋಗ್ಯದ ಕೆಲಸದಲ್ಲಿದ್ದಾನೆ’ ಎಂದಷ್ಟೇ ಹೇಳಿಕೊಂಡರು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಮನೆಗೆ ಬಂದು ಹಳೆಯ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಬರೆದುಕೊಡಿ ಎಂದವರೂ ಇದ್ದಾರೆ. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ನನಗೆ ಬರುವ ಹಾಗೆ ಬರೆದಿದ್ದೇನೆ. ಯಾವಾಗ ಕಾಯಂ ಆಯಿತು, ಯಾವಾಗ ಮೇಲಿನ ಹುದ್ದೆಗೆ ಹೋದೆ ಎಂಬುದೆಲ್ಲ ಇದರಲ್ಲಿಲ್ಲ. ಇರುವುದು ಮೊದಲ ಎರಡು ವರ್ಷದ ಸಂಗತಿ. ಅದನ್ನು ಬರೆಯುವುದಕ್ಕೆ ಬೇರೆ ಕಾರಣವೂ ಇದೆ. ನನ್ನ ತಂಗಿ ಗುತ್ಯಮ್ಮ ಅಣ್ಣನ ಮಾತು ಮೀರಿ ಹೋಗಿ ಸತ್ತಳು ಎಂಬ ಒಂದು ಅಪವಾದ ನಮ್ಮ ಮನೆಯಲ್ಲಿ ಉಳಿದುಬಿಟ್ಟಿದೆ. ಅದನ್ನು ಅವಳ ಮೇಲೆ ಹಾಕಿದವನು ನಾನು.

ಐವತ್ತರ ದಶಕ ಮುಗಿಯುತ್ತ ಬಂದ ಹೊತ್ತು. ಸೊರಬದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದ್ದವು. ಹಿಂದೆಯೇ ಜನಕ್ಕೆ ಜ್ವರ ಬಂತು. ತಲೆ ಒಡೆಯುವಂಥ ನೋವು, ಕೆಂಡದಂಥ ಕಣ್ಣು, ಕೆಲವರಿಗೆ ಮೂಗಿನಲ್ಲಿ ರಕ್ತ. ಮಂಗನ ಕಾಯಿಲೆ ಎಂದು ಹೆಸರಾಯಿತು. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಎಂಬ ಸಣ್ಣ ಹುಳ ಮನುಷ್ಯರಿಗೆ ಹತ್ತಿ ಕಚ್ಚಿದರೆ ಕಾಯಿಲೆ ಬರುತ್ತದೆ, ಆದ್ದರಿಂದ ಮಂಗ ಸತ್ತ ಜಾಗಕ್ಕೆ ಯಾರೂ ಹೋಗಬಾರದು ಎಂದು ಡಾಕ್ಟರುಗಳು ಹೇಳಿದರು. ಹಾಗಾದರೆ ಎಲ್ಲಿ ಸತ್ತಿದೆ ಎಂದು ತಿಳಿಯಬೇಕಲ್ಲ? ಅದಕ್ಕೆ ಕಾಡು ತಿರುಗಿ ಗೊತ್ತಿದ್ದ ನಾಲ್ಕು ಜನರನ್ನು ಹಿಡಿದರು. ಅವರಲ್ಲಿ ನಾನೊಬ್ಬ.

ಹೆದರಿಕೆ ಹುಟ್ಟಿಸುತ್ತಿದ್ದದ್ದು ಹೆಣವಲ್ಲ, ಸದ್ದಿಲ್ಲದಿರುವುದು. ಮಂಗಗಳಿರುವ ಕಾಡಿನಲ್ಲಿ ಸದ್ದು ಮೇಲಿನಿಂದ ಬರುತ್ತದೆ. ಕೊಂಬೆ ಅಲ್ಲಾಡುತ್ತದೆ, ಅರ್ಧ ತಿಂದ ಕಾಯಿ ಬೀಳುತ್ತದೆ, ಮರಿ ಕಿರುಚುತ್ತದೆ. ಅವು ಸತ್ತ ಮೇಲೆ ಸದ್ದೆಲ್ಲ ನೆಲಕ್ಕೆ ಇಳಿಯಿತು. ನನ್ನ ಕಾಲಡಿಯ ಒಣ ಎಲೆ ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಹಾಡುಹಗಲು ಹನ್ನೆರಡು ಗಂಟೆಗೆ, ಬಿಸಿಲು ಎಲೆಗಳ ನಡುವೆ ಚೂರುಚೂರಾಗಿ ಬಿದ್ದಿರುವಾಗ, ಯಾರೋ ಉಸಿರು ಬಿಗಿಹಿಡಿದು ನಾನು ಹೋಗಲಿ ಎಂದು ಕಾಯುತ್ತಿರುವ ಹಾಗೆ ಅನಿಸುತ್ತಿತ್ತು.

ನನಗೆ ಸಿಕ್ಕ ಮೊದಲನೆಯದು ಒಂದು ಮುಸುವ, ಕಪ್ಪು ಮುಖದ ಉದ್ದ ಬಾಲದ್ದು. ಮತ್ತಿಮರಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು, ದಾರಿ ನಡೆದು ದಣಿದ ಮುದುಕನ ಹಾಗೆ ಕೂತಿತ್ತು. ಕಣ್ಣು ತೆರೆದಿತ್ತು. ಚಪ್ಪಾಳೆ ತಟ್ಟಿದೆ, ಹಚಾ ಎಂದೆ. ಹತ್ತಿರ ಹೋದಾಗ ಒಂದು ಇರುವೆ ಅದರ ಕಣ್ಣಿನ ಮೇಲೆಯೇ ಈ ಕಡೆಯಿಂದ ಆ ಕಡೆಗೆ ನಡೆದುಹೋಯಿತು. ರೆಪ್ಪೆ ಅಲ್ಲಾಡಲಿಲ್ಲ.

ನಮಗೆ ಕೆಲಸ ಕಲಿಸಿದವರು ಮೈಸೂರು ಕಡೆಯ ಒಬ್ಬ ಡಾಕ್ಟರು. ಸಣಕಲು ಮೈ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡಿರುತ್ತಿದ್ದರು. ಸೊರಬದ ಒಂದು ಹಳೆಯ ಕಟ್ಟಡದ ಜಗಲಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಅಚ್ಚು ಹಾಕಿದ ಫಾರಂ ಕೊಟ್ಟರು. ಅದೆಲ್ಲ ಇಂಗ್ಲೀಷಿನಲ್ಲಿತ್ತು. ಅದರ ಎರಡು ಕಲಮು, ಎಂದರೆ ಖಾನೆಗಳ ಮೇಲೆ ಬೆರಳಿಟ್ಟು, “ಇದು ಲುಕ್. ಇದು ಸೀ. ಇಷ್ಟು ಬಂದರೆ ನಿಮಗೆ ಕೆಲಸ ಬಂದ ಹಾಗೆ” ಎಂದರು.

ನಮಗೆ ಎರಡೂ ಒಂದೇ. ನೋಡುವುದು. ಡಾಕ್ಟರು ತಾಳ್ಮೆಯಿಂದ ಹೇಳಿದರು:

“ಬಸ್ಸಿನಲ್ಲಿ ಕೂತಿದ್ದೀರಿ. ಕಿಟಕಿ ಆಚೆ ಒಂದು ಎಮ್ಮೆ ಹೋಯ್ತು. ನೀವೇನೂ ಹುಡುಕಿರಲಿಲ್ಲ, ಸುಮ್ಮನೆ ಕಣ್ಣಿಗೆ ಬಿತ್ತು. ಅದು ಸೀ. ಅದೇ ಎಮ್ಮೆ ಕಳೆದುಹೋಯ್ತು, ಹಳ್ಳ ಹೊಂಡ ಬೇಲಿ ಸಂದಿ ಎಲ್ಲಾ ಕಣ್ಣು ಹಾಯಿಸಿಕೊಂಡು ತಿರುಗಿದ್ರಿ. ಅದು ಲುಕ್. ಎಮ್ಮೆ ಸಿಗದೇ ಇರಬಹುದು. ಆದರೂ ಲುಕ್ ಆಯ್ತು. ಲುಕ್ ನೀವು ಮಾಡೋದು. ಸೀ ತಾನಾಗಿ ಆಗೋದು. ಕನಸನ್ನ ಸೀ ಮಾಡ್ತೀವಿ, ಲುಕ್ ಮಾಡೋಕಾಗಲ್ಲ. ಕುರುಡನಿಗೆ ಸೀ ಅಂತ ಅಪ್ಪಣೆ ಮಾಡಿದರೆ ಅಪ್ಪಣೆ ಮಾಡಿದವನದ್ದು ತಪ್ಪು. ಕಣ್ಣಿದ್ದವನಿಗೆ ಲುಕ್ ಅಂತ ಹೇಳಿ, ಅವನು ಮಾಡದಿದ್ದರೆ ಅವನದ್ದು ತಪ್ಪು.”

ಲುಕ್ ಎಂಬುದರ ಮುಂದೆ ಒಂದು ಸಣ್ಣ ಮಾತು ಸೇರಿಸಿದರೆ ಹುಡುಕು ಎಂದಾಗುತ್ತದೆ, ಇನ್ನೊಂದು ಸೇರಿಸಿದರೆ ಜೋಪಾನ ಮಾಡು ಎಂದಾಗುತ್ತದೆ, ಸೀ ಹಾಗೆ ಜೋಪಾನದ ಕೆಲಸಕ್ಕೆ ಬರುವುದಿಲ್ಲ ಎಂದೂ ಹೇಳಿದರು. ಜಡೆ ಎಂಬ ಊರ ಕಡೆಯಿಂದ ಬಂದಿದ್ದ ಒಬ್ಬ ಕೇಳಿದ: “ಸಾರ್, ಎರಡಕ್ಕೂ ಒಂದೇ ಅಂತ ಬರುದ್ರೆ ಎಂತ ಆಗ್ತದೆ?”

“ಜನ ಸಾಯ್ತಾರೆ” ಎಂದರು ಡಾಕ್ಟರು, ಎಮ್ಮೆಯ ವಿಷಯ ಹೇಳಿದ ದನಿಯಲ್ಲೇ.

ಓದು ಬಾರದ ಜನಕ್ಕೂ ತಿಳಿಯಲಿ ಎಂದು ಮರಗಳ ಮೇಲೆ ಗುರುತು ಹಾಕುವ ಕ್ರಮ ಮಾಡಿದರು. ತೆಂಗಿನ ಕರಟದ ಬಾಯಿಯನ್ನು ಸುಣ್ಣದಲ್ಲಿ ಅದ್ದಿ, ಕಾಲುದಾರಿಯ ಪಕ್ಕದ ಮರಕ್ಕೆ ಒತ್ತಿದರೆ ಒಂದು ಬಿಳಿ ಉಂಗುರ. ಅಂದರೆ ನಾನು ಈ ದಾರಿಯಲ್ಲಿ ಹಾದುಹೋಗಿದ್ದೇನೆ, ದಾರಿಯಿಂದ ಏನೂ ಕಾಣಲಿಲ್ಲ. ಅಷ್ಟೇ. ಆಮೇಲೆ ದಾರಿ ಬಿಟ್ಟು ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಹೆಜ್ಜೆ ಒಳಗೆ ಹೋಗಿ, ಪೊದೆ ಎತ್ತಿ, ಎಲೆ ಸರಿಸಿ, ಮೂಸಿ, ಏನೂ ಇಲ್ಲವೆಂದು ಖಾತ್ರಿಯಾದರೆ ವಾಪಸು ಬಂದು ಉಂಗುರದ ನಡುವೆ ಹೆಬ್ಬೆಟ್ಟಿನಿಂದ ಒಂದು ಬೊಟ್ಟು. ಉಂಗುರ ಎಂದರೆ ಸೀ. ಬೊಟ್ಟು ಎಂದರೆ ಲುಕ್.

ಬೊಟ್ಟಿಟ್ಟ ಉಂಗುರ ದೂರದಿಂದ ಕಣ್ಣಿನ ಹಾಗೆ ಕಾಣುತ್ತಿತ್ತು. ಜನ ಅದಕ್ಕೆ ಕಣ್ಣು ಬಿಟ್ಟ ಮರ ಎಂದರು, ಬರೀ ಉಂಗುರದ್ದಕ್ಕೆ ಕುರುಡು ಮರ. ಹೆಂಗಸರು ಕೊಟ್ಟಿಗೆಗೆ ಹಾಸಲು ದರಗು, ಎಂದರೆ ಒಣ ಎಲೆ, ತರಲು ಹೋಗುವಾಗ ಕಣ್ಣು ಬಿಟ್ಟ ಮರ ಇರುವ ಕಡೆ ಮಾತ್ರ ಒಳಗೆ ಹೋಗುತ್ತಿದ್ದರು. ನಮ್ಮ ಹೆಬ್ಬೆಟ್ಟಿನ ಮೇಲೆ ಅಷ್ಟು ನಂಬಿಕೆ.

ಅಪ್ಪ ತೀರಿಹೋಗಿದ್ದರಿಂದ ಮನೆಯಲ್ಲಿ ಅವ್ವ, ನಾನು, ಗುತ್ಯಮ್ಮ ಮೂರೇ ಜನ. ಉಳವಿಯಲ್ಲಿ ಬಸ್ಸಿಳಿದು ಒಂದು ಗಂಟೆ ನಡೆದರೆ ನಮ್ಮ ಊರು. ಗುತ್ಯಮ್ಮ ನನಗಿಂತ ಮೂರು ವರ್ಷ ಚಿಕ್ಕವಳು, ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮೊದಲ ದಿನ ಮನೆಗೆ ಬಂದು ಅವಳ ಮುಂದೆ ನನ್ನ ಇಂಗ್ಲೀಷು ಬಿಚ್ಚಿದೆ. ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡಳು.

“ಇಷ್ಟಕ್ಕೆ ಇಂಗ್ಲೀಷ್ ಎಂತಕ್ಕೆ ಬೇಕು ಅಣ್ಣಯ್ಯ? ‘ನೋಡ್ದೆ, ಕಾಣ್ಲಿಲ್ಲ’ ಅಂತ ನಾವು ಹೇಳಾದಿಲ್ವಾ? ನೋಡಾದು ನಮ್ಮ ಕೈಯಾಗೆ ಇರಾದು. ಕಾಣಾದು ಇಲ್ಲ.”

“ನಾವು ನಾಲ್ಕು ಜನ ಅರ್ಧ ದಿನ ಕೂತು ಕಲ್ತಿದ್ದು ಕಣೇ ಇದು!”

“ಹೌದನಾ? ಹಂಗಾರೆ ನಾಳೆ ನಾ ಕಾಡಿಗೆ ಹೋಗ್ತೀನಿ, ನೀ ರೊಟ್ಟಿ ತಟ್ಟು. ಸುಟ್ರೆ ಮಾತ್ರ ನೋಡ್ದೆ ಕಾಣ್ಲಿಲ್ಲ ಅಂತ ಹೇಳ್ಬ್ಯಾಡ ಮಾರಾಯ.”

ಅವ್ವ ನಕ್ಕಳು. ಅವ್ವ ಹಾಗೆ ನಕ್ಕಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ನನ್ನ ಮೊದಲ ದೊಡ್ಡ ಪೆದ್ದುತನ ನಡೆದದ್ದು ಶಿಕಾರಿಪುರದ ಕಡೆ. ತೊಗರ್ಸಿಯ ಹತ್ತಿರದ ಒಂದು ಹಳ್ಳಿಯಲ್ಲಿ ಮಂಗ ಸತ್ತಿದೆ ಎಂದು ಸುದ್ದಿ ಬಂತು. ನಮ್ಮ ಮೇಲಿನವರಾದ ಇನ್ಸ್‌ಪೆಕ್ಟರ್ ರುದ್ರಪ್ಪನವರು ನನ್ನನ್ನು ಮುಂದೆ ಕಳಿಸಿದರು. ಅವರು ಶಿಕಾರಿಪುರದವರೇ. ನಾನು ಹೋಗುವಷ್ಟರಲ್ಲಿ ಊರವರು ಮಂಗನನ್ನು ಚಟ್ಟದ ಮೇಲೆ ಕೂರಿಸಿ, ಹೂವು ಏರಿಸಿ, ಭಜನೆ ಮಾಡಿಕೊಂಡು ಹೋಗಿ, ಆಂಜನೇಯನ ಗುಡಿಯ ಹಿಂದೆ ಮಣ್ಣು ಮಾಡಿದ್ದರು. ಅಲ್ಲೆಲ್ಲ ಅದು ರೂಢಿ. ನಾನು ಗುಂಡಿ ಕಂಡೆ, ಮಂಗ ಸತ್ತಿದೆ ಎಂದು ಬರೆದು ಕಳಿಸಿದೆ. ಹೇಗೆ ಸತ್ತಿತು ಎಂದು ಒಬ್ಬರನ್ನೂ ಕೇಳಲಿಲ್ಲ. ಮರುದಿನ ರುದ್ರಪ್ಪನವರು ಸೈಕಲ್ಲಿನಲ್ಲಿ ಬಂದಿಳಿದು, ಗುಂಡಿ ಅಗೆಯಬೇಕು, ಪರೀಕ್ಷೆಗೆ ಒಯ್ಯಬೇಕು ಎಂದರು.

ಊರ ಹಿರಿಯನೊಬ್ಬ ಎದ್ದು ನಿಂತ. “ಹನುಮಪ್ಪನ್ನ ಮಣ್ಣಾಗ ಇಟ್ಟೇವ್ರೀ. ಎಬ್ಬಸ್ತೀರೇನು? ನಿಮ್ಮಪ್ಪ ಸತ್ತಾಗ ಹಿಂಗ ಮರುದಿನ ಎಬ್ಬಿಸಿ ನೋಡಿದ್ರೇನ್ರೀ ಸಾಹೇಬ್ರ?”

“ಸರ್ಕಾರದ ಹುಕುಂ ಐತಿ!”

“ಹುಕುಮಿನ ಕಾಗದ ಗುಂಡ್ಯಾಗ ಇಳಿಸ್ರಿ, ಅವನ ಓದ್ಕೊಂಡು ಎದ್ದು ಬರ್ಲಿ.”

ಸುತ್ತ ನಿಂತಿದ್ದವರು ನಕ್ಕರು. ರುದ್ರಪ್ಪನವರ ಕಿವಿ ಕೆಂಪಾಯಿತು. ಕೊನೆಗೆ ಡಾಕ್ಟರೇ ಬಂದು, ಬೂಟು ಬಿಚ್ಚಿ, ಗುಡಿಗೆ ಕೈಮುಗಿದು, ಹಿರಿಯನ ಒಪ್ಪಿಗೆ ಕೇಳಿ ಅಗೆಸಿದರು. ಮಣ್ಣು ಸರಿದಂತೆ ಮೊದಲು ಕುಂಕುಮ ಹಚ್ಚಿದ ಹಣೆ ಕಂಡಿತು, ಆಮೇಲೆ ಮಣ್ಣು ಮೆತ್ತಿದ ಕಣ್ಣುಗಳು. ಕೂರಿಸಿಯೇ ಹೂತಿದ್ದರು. ನೆಲದೊಳಗಿನಿಂದ ಒಬ್ಬ ಮನುಷ್ಯ ಕತ್ತು ಹೊರಗೆ ಹಾಕಿ ಇವರೆಲ್ಲ ಯಾಕೆ ಬಂದರು ಎಂದು ಕೇಳುವ ಹಾಗಿತ್ತು. ಡಾಕ್ಟರು ಕತ್ತಿನ ಕೂದಲು ಸರಿಸಿದರು. ನಾಯಿ ಕಚ್ಚಿ ಹರಿದ ಗಾಯ. ಕಾಯಿಲೆಯ ಸುಳಿವೇ ಇರಲಿಲ್ಲ. “ನಾಯಿ ಹಿಡೀತಂತ ಊರಾಗ ಎಲ್ಲಾರಿಗೂ ಗೊತ್ತೈತಿ. ಯಾರರ ಕೇಳಿದ್ರೇನು?” ಎಂದ ಹಿರಿಯ. ಡಾಕ್ಟರು ನನ್ನ ಫಾರಂ ತೆಗೆದು, ಸೀ ಎಂಬ ಕಲಮಿನಲ್ಲಿ ಒಂದು ಗೆರೆ ಹಾಕಿದರು, ಲುಕ್ ಎಂಬುದನ್ನು ಖಾಲಿ ಬಿಟ್ಟು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ.

ವಾಪಸು ಬರುವಾಗ ರುದ್ರಪ್ಪನವರು ಮಾತ್ರ ಹೇಳಿದರು: “ಖಾಲಿ ಕಲಮು ಇನ್ನ ಮ್ಯಾಲೆ ನನಗ ಕಾಣ್ಬಾರ್ದು ನೋಡಪ. ಏನರ ತುಂಬು. ಖಾಲಿ ಇದ್ರ ಮ್ಯಾಲಿನವ್ರು ನನ್ನ ಕೇಳ್ತಾರ.”

ನಾನು ಆ ಮಾತಿನ ಹಿಂದೆ ಬಹಳ ದಿನ ಅಡಗಿಕೊಂಡೆ. ಆದರೆ ತಪ್ಪು ಅವರದ್ದಲ್ಲ.

ನಮ್ಮೂರ ಮೇಲುಗಡೆ ದೊಡ್ಡಕಾನು ಎಂಬ ದಟ್ಟ ಕಾಡಿತ್ತು. ಅದರ ನಡುವಿನ ಕಾಲುದಾರಿಯಲ್ಲಿ ಗುರುತು ಹಾಕಲು ನಾನು ಆರಿಸಿಕೊಂಡದ್ದು ಹದಿನಾರು ಮರ. ವಾರಕ್ಕೊಮ್ಮೆ ಅಲ್ಲಿ ಹೋಗಿ, ಹಳೆಯ ಗುರುತು ಅಳಿಸಿ, ನೋಡಿ, ಹೊಸ ಗುರುತು ಹಾಕಬೇಕು. ಮೊದಲ ಕೆಲವು ವಾರ ಸರಿಯಾಗಿಯೇ ಮಾಡಿದೆ.

ಮಾಘ ಕಳೆದು ಬಿಸಿಲು ಏರತೊಡಗಿದ್ದ ಒಂದು ಮಧ್ಯಾಹ್ನ, ದಾರಿ ಬಿಟ್ಟು ಒಳಗೆ ಹೋಗಿ ಪೊದೆಯ ಕೆಳಗೆ ಬಗ್ಗಿದ್ದೆ. ಬೆನ್ನ ಹಿಂದೆ ಮೇಲಿನಿಂದ ಏನೋ ಮೆತ್ತಗೆ ಬಿತ್ತು. ತಿರುಗಿದೆ. ಒಂದು ಮುಸುವ. ಅದು ಸತ್ತಿರಲಿಲ್ಲ. ನಿಧಾನವಾಗಿ ಎದ್ದು ಕೂತಿತು. ಮೂಗಿನಿಂದ ರಕ್ತ ಇಳಿದು ಗಡ್ಡದ ಕೂದಲಿಗೆ ಅಂಟಿಕೊಂಡಿತ್ತು. ಕೂಗಲಿಲ್ಲ, ಓಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಒಂದು ಕೈ ನನ್ನ ಕಡೆ ಚಾಚಿತು, ಎಬ್ಬಿಸು ಎಂದು ಕೇಳುವವರ ಹಾಗೆ. ನಾನು ಕರಟ, ಸುಣ್ಣದ ಡಬ್ಬಿ ಎಲ್ಲ ಎಸೆದು ಓಡಿದೆ. ಓಡುವಾಗ ತಲೆಯ ಮೇಲೆ ಕೊಂಬೆಗಳಲ್ಲಿ ಇನ್ನೂ ಕೆಲವು ಅಲ್ಲಾಡದೆ ಕೂತಿವೆ ಎಂದು ಅನಿಸಿತು. ತಲೆ ಎತ್ತಿ ನೋಡಲಿಲ್ಲ.

ಅದನ್ನು ನಾನು ಬರೆಯಲಿಲ್ಲ. ಬರೆದಿದ್ದರೆ ಜಾಗ ತೋರಿಸಲು ಡಾಕ್ಟರ ಜೊತೆ ಮತ್ತೆ ಅಲ್ಲಿಗೆ ಹೋಗಬೇಕಾಗುತ್ತಿತ್ತು. ಮರುವಾರ ಹೋದೆ. ದಾರಿ ಬಿಟ್ಟು ಕಾಲು ಏಳಲಿಲ್ಲ. ದಾರಿಯಲ್ಲೇ ನಿಂತು ಉಂಗುರ ಒತ್ತಿದೆ. ಮುಂದಿನ ಮರಕ್ಕೆ ನಡೆದೆ. ಆಮೇಲೆ ಯೋಚಿಸಿದೆ, ಹದಿನಾರು ಕುರುಡು ಮರ ಕಂಡರೆ ಯಾಕೆ ಎಂದು ಕೇಳುತ್ತಾರೆ. ಹಿಂದಕ್ಕೆ ಬಂದು ಹದಿನಾರಕ್ಕೂ ಬೊಟ್ಟು ಇಟ್ಟೆ. ಅರ್ಧ ಗಂಟೆಯ ಕೆಲಸ. ಫಾರಮಿನಲ್ಲಿ ಲುಕ್ ಎಂಬಲ್ಲಿ ಹೌದು ಎಂದೂ ಸೀ ಎಂಬಲ್ಲಿ ಇಲ್ಲ ಎಂದೂ ಬರೆದೆ. ರುದ್ರಪ್ಪನವರು “ಈಗ ಹಾದಿಗೆ ಬಂದಿ” ಎಂದು ಬೆನ್ನು ಚಪ್ಪರಿಸಿದರು.

ಹೀಗೆ ನಾಲ್ಕು ವಾರ. ಆ ಹದಿನಾರು ಮರಗಳ ನಡುವೆ ನಡೆಯುವಾಗ ನಾನು ತಲೆ ತಗ್ಗಿಸಿಕೊಂಡಿರುತ್ತಿದ್ದೆ. ನಾನೇ ಬಿಡಿಸಿದ ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ಹೆಂಗಸರು ಆ ಕಣ್ಣುಗಳನ್ನು ನಂಬಿ ಒಳಗೆ ಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿದರೆ ಈ ಬರಹವೇ ಸುಳ್ಳಾಗುತ್ತದೆ.

ಐದನೆಯ ವಾರದ ಒಂದು ದಿನ ಊಟಕ್ಕೆ ಕೂತಿದ್ದೆ. ಗುತ್ಯಮ್ಮ ಬಡಿಸುತ್ತಿದ್ದಳು. ಆ ದಿನ ಅವಳು ನೆರೆಮನೆಯ ಹೂವಮ್ಮ ಮತ್ತು ಇನ್ನಿಬ್ಬರ ಜೊತೆ ದರಗಿಗೆ ಹೋಗಿ ಖಾಲಿ ಜಲ್ಲೆಬುಟ್ಟಿ ತಂದಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ.

“ಅಣ್ಣಯ್ಯ, ದೊಡ್ಡಕಾನಿಗೆ ಹೋಗಿದ್ಯಾ ಈ ವಾರ?”

“ಹೋಗಿದ್ದೆ.”

“ಒಳಗೆ ಇಳ್ದಿದ್ಯಾ?”

“ಇಳೀದೆ ಬೊಟ್ಟು ಇಡ್ತಾರನೇ?”

“ನೋಡ್ದೆ, ಕಾಣ್ಲಿಲ್ಲ. ಅಲ್ದಾ?”

“ಹೂಂ. ನೋಡ್ದೆ, ಕಾಣ್ಲಿಲ್ಲ.”

ಅವಳು ಸಾರಿನ ಪಾತ್ರೆಯಲ್ಲಿ ಸೌಟು ತಿರುವಿದಳು. ಇನ್ನೊಂದು ಸಲ ಕೇಳುತ್ತಾಳೆ ಎಂದುಕೊಂಡೆ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. “ಸಾರು ಹಾಕ್ಲಾ?” ಎಂದಳು. ಹಾಕು ಎಂದೆ.

ಅದಾದ ಆರನೆಯ ದಿನ ಅವಳಿಗೆ ಜ್ವರ ಬಂತು.

ಆ ಜ್ವರದ ವಿವರ ಬರೆಯುವುದಿಲ್ಲ. ಈ ಕೆಲಸಕ್ಕೆ ಬಂದವರು ಹೇಗೂ ನೋಡುತ್ತೀರಿ. ಡಾಕ್ಟರು ದಿನವೂ ಬಂದರು. ಆಗ ಅದಕ್ಕೆ ಕೊಡಲು ಮದ್ದು ಏನೂ ಇರಲಿಲ್ಲ. ಒಂದು ಮಾತ್ರ ಹೇಳಬೇಕು. ಜ್ವರದ ಐದನೆಯ ದಿನದಿಂದ ಅವಳು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಒತ್ತುತ್ತ ಎಣಿಸತೊಡಗಿದಳು. ಒಂದು, ಎರಡು, ಮೂರು. ಪ್ರತಿ ಗೆಣ್ಣಿಗೂ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ, ತಿರುವಿ, ತೆಗೆಯುತ್ತಿದ್ದಳು. ಹನ್ನೊಂದಕ್ಕೆ ಬಂದು ನಿಲ್ಲುತ್ತಿದ್ದಳು. ಕೆಂಪು ಕಣ್ಣು ನನ್ನ ಕಡೆ ತಿರುಗಿಸಿ, “ಇನ್ನೂ ಐದು ಅವೆ” ಎನ್ನುತ್ತಿದ್ದಳು. ಮತ್ತೆ ಒಂದರಿಂದ. ಅವ್ವ ಇದು ಯಾವುದೋ ಗಾಳಿ ಎಂದು ಅತ್ತಳು. ನನಗೂ ಏನೂ ತಿಳಿಯಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದು ಎಂದಳು. ಐದು ಅವೆ ಎಂಬ ಮಾತು ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವ್ವ ಅಂಗಳದಲ್ಲಿ ಕೂತು ಕೇಳಿದಳು. ಡಾಕ್ಟರೂ ಅಲ್ಲಿಯೇ ನಿಂತಿದ್ದರು.

“ನೀನು ಕಣ್ಣು ಬಿಡ್ಸಿದ ಕಡಿಗೇ ಹೋಗಿದ್ಲಾ ಅವ್ಳು?”

ಡಾಕ್ಟರು ನನ್ನ ಮುಖ ನೋಡಿದರು.

“ಇಲ್ಲ ಅವ್ವ. ಕುರುಡು ಮರದ ಹತ್ರ ಹೋಗಿದ್ಲು. ಹೋಗ್ಬ್ಯಾಡ ಅಂದಿದ್ದೆ. ಕೇಳ್ಲಿಲ್ಲ.”

ಅಷ್ಟು ಸಲೀಸಾಗಿ ಬಂತು ಮಾತು. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಅವ್ವ ಮಾತ್ರ ಹಣೆ ಬಡಿದುಕೊಂಡಳು: “ಮೂಳಿ! ಕಣ್ಣೆದುರಿಗೆ ಗುರುತು ಇಟ್ಟ ಅಣ್ಣ ಇದ್ದಾಗ!”

ಅವಳು ಮಲಗಿದಂದಿನಿಂದ ನಾನು ದೊಡ್ಡಕಾನಿಗೆ ಹೋಗಿರಲಿಲ್ಲ. ಮಣ್ಣು ಮಾಡಿ ಮೂರು ದಿನ ಬಿಟ್ಟು ಹೋದೆ. ಬೊಟ್ಟುಗಳನ್ನು ಅಳಿಸಿ ಬರೀ ಉಂಗುರ ಮಾಡಬೇಕು, ನನ್ನ ಮಾತಿಗೆ ತಕ್ಕ ಹಾಗೆ ಮರಗಳನ್ನು ತಿದ್ದಬೇಕು ಎಂದು ಹೋದೆ. ಇದಕ್ಕಿಂತ ಕೆಳಗೆ ನಾನು ಎಂದೂ ಇಳಿದಿಲ್ಲ.

ಮೊದಲ ಮರದ ಮುಂದೆ ನಿಂತೆ. ಬಿಳಿ ಉಂಗುರ ಹಾಗೇ ಇತ್ತು. ನಾನಿಟ್ಟ ಬಿಳಿ ಬೊಟ್ಟು ಇರಲಿಲ್ಲ. ಅದನ್ನು ಒದ್ದೆ ಎಲೆಯಿಂದ ಉಜ್ಜಿ ತೆಗೆದು, ಅಲ್ಲಿ ಕೆಮ್ಮಣ್ಣಿನ ಒಂದು ಬೊಟ್ಟು ಇಟ್ಟಿದ್ದರು. ನನ್ನ ಹೆಬ್ಬೆಟ್ಟಿಗಿಂತ ಸಣ್ಣದು. ಎರಡನೆಯ ಮರ, ಹಾಗೆಯೇ. ಮೂರನೆಯದು. ಬಿಳಿ ಕಣ್ಣಿನಲ್ಲಿ ಕೆಂಪು ಗುಡ್ಡೆ. ಗಾಳಿ ಇರಲಿಲ್ಲ, ಹಕ್ಕಿ ಇರಲಿಲ್ಲ. ಜ್ವರದ ಕಣ್ಣುಗಳು ಸಾಲಾಗಿ ನಿಂತು ನಾನು ಬರುವುದನ್ನೇ ನೋಡುತ್ತಿದ್ದವು. ಹತ್ತು ಮರಗಳನ್ನು ಹೇಗೆ ದಾಟಿದೆನೋ. ಹನ್ನೊಂದನೆಯದರಲ್ಲಿ ಬೊಟ್ಟೇ ಇರಲಿಲ್ಲ. ಬಿಳಿ ಬೊಟ್ಟು ಉಜ್ಜಿದ ಕಲೆ ಅಷ್ಟೇ. ಅಲ್ಲಿಂದ ಮುಂದಿನ ಐದೂ ಹಾಗೆಯೇ ಕುರುಡು.

ಹನ್ನೊಂದನೆಯ ಮರದಿಂದ ಒಳಗೆ ಯಾರೋ ನಡೆದ ಜಾಡು ಇತ್ತು. ಇಪ್ಪತ್ತು ಹೆಜ್ಜೆ. ಅಲ್ಲಿ ಮೂರು ಮಂಗಗಳು ಬಿದ್ದಿದ್ದವು, ಒಂದರ ತೋಳಿನಲ್ಲಿ ಮರಿ. ಮೇಲೆ ಯಾರೂ ಕಾಲಿಡದ ಹಾಗೆ ಹಸಿ ಟೊಂಗೆ ಮುರಿದು ಅಡ್ಡ ಹಾಕಿತ್ತು. ಆ ಟೊಂಗೆಯ ಎಲೆ ಆಗಲೇ ಒಣಗಿತ್ತು.

ಊರಿಗೆ ಬಂದು ನೇರವಾಗಿ ಹೂವಮ್ಮನ ಮನೆಗೆ ಹೋದೆ. ಬಾವಿಕಟ್ಟೆಯಲ್ಲಿದ್ದಳು. ನನ್ನನ್ನು ಕಂಡು ಕೊಡ ಕೆಳಗಿಟ್ಟಳು.

“ಆ ದಿನ ನಾವು ನಾಕು ಜನ ಹೋಗಿದ್ವಿ. ಗುತ್ಯಿ ಮುಂದಿದ್ಲು. ಮೂರ್ನೇ ಮರದ ಹತ್ರ ಗಾಳಿ ಬೀಸ್ತು ನೋಡು, ಎಲ್ಲಿಂದ್ಲೋ ವಾಸ್ನೆ ಬಂತು. ನಿಂತ್ಲು. ‘ಯಾರೂ ಒಳಗೆ ಕಾಲಿಡಬ್ಯಾಡಿ, ಅಣ್ಣಯ್ಯ ಗುರುತು ಹಾಕಾದ್ರಾಗೆ ತಪ್ಪಾಗೈತಿ, ಮನಿಗೆ ಹೋಗಿ’ ಅಂದ್ಲು. ತಾನೊಬ್ಳೇ ಹದಿನಾರು ಮರಕ್ಕೂ ಓಡಿ ಬೊಟ್ಟು ಉಜ್ಜಿ ಬಂದ್ಲು.”

“ಮರುದಿನ?”

“ಮರುದಿನ ಒಬ್ಳೇ ಹೊಂಟಿದ್ಲು. ಕರಟದಾಗೆ ಕೆಮ್ಮಣ್ಣು ಕಲ್ಸ್ಕಂಡು. ಎಲ್ಲಿಗೇ ಅಂದೆ. ‘ಅಣ್ಣಯ್ಯ ನೋಡಿಲ್ಲ. ಕೆಲ್ಸ ಹೋಗ್ತದೆ ಅವ್ನದ್ದು. ನಾ ನೋಡಿ ಬರ್ತೀನಿ’ ಅಂದ್ಲು. ಸಾಯ್ತೀಯಾ ಮಾರಾಯ್ತಿ, ಅವ್ನಿಗೇ ಹೇಳು ಅಂದೆ. ‘ನಿನ್ನೆ ಕೇಳ್ದೆ. ನೋಡ್ದೆ ಅಂತಾನೆ’ ಅಂದ್ಲು.”

ಹೂವಮ್ಮ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. “ನಾ ಯಾರಿಗೂ ಹೇಳಿಲ್ಲ. ಹೇಳಾದು ನಿಂದು” ಎಂದು ಒಳಗೆ ಹೋದಳು.

ಮರುದಿನ ಉಳಿದ ಐದು ಮರಗಳನ್ನು ನಾನು ನೋಡಿದೆ. ದಾರಿ ಬಿಟ್ಟು ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಹೆಜ್ಜೆ. ಪ್ರತಿ ಪೊದೆ. ಪ್ರತಿ ಎಲೆರಾಶಿ. ಪಕ್ಕದಲ್ಲಿ ಇನ್ನೊಂದು ಕಾಲಿನ ಸದ್ದು ನನ್ನದಕ್ಕೆ ಹೊಂದಿಕೊಂಡು ನಡೆಯುತ್ತಿತ್ತು. ನಾನು ನಿಂತ ಮೇಲೂ ಒಂದು ಹೆಜ್ಜೆ ಹೆಚ್ಚಿಗೆ ಇಟ್ಟು ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಬರೀ ಮರ. ಏನೂ ಸಿಗಲಿಲ್ಲ. ಐದಕ್ಕೂ ಬೊಟ್ಟು ಇಟ್ಟೆ. ನನ್ನ ಸೇವೆಯಲ್ಲಿ ಆ ಐದು ಬೊಟ್ಟುಗಳಷ್ಟು ಸತ್ಯವಾದ ಕೆಲಸ ಇನ್ನೊಂದಿಲ್ಲ.

ಆಮೇಲೆ ಸೊರಬಕ್ಕೆ ಹೋಗಿ ಡಾಕ್ಟರ ಮುಂದೆ ಫಾರಂ ಇಟ್ಟೆ. ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅವರು ಓದಿದರು. ಹದಿನಾರು ಮರ, ಲುಕ್, ಹೌದು. ಹನ್ನೊಂದನೆಯ ಮರ, ಸೀ, ಮೂರು ಮಂಗ, ಒಂದು ಮರಿ. ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

“ತಂಗಿ ಹೋದ ವಾರದಲ್ಲೇ ಇಷ್ಟು ಒಳಗೆ ಹೋಗಿ ನೋಡಿದ್ದೀಯಲ್ಲಪ್ಪ. ಇದಕ್ಕೇ ನಾನು ಲುಕ್ ಅನ್ನೋದು.”

ಹೇಳದೆಯೇ ನಮಸ್ಕಾರ ಮಾಡಿ ಹೊರಟು ಬಂದೆ. ದೊಡ್ಡಕಾನಿನ ದಾರಿಯನ್ನು ಆ ವರ್ಷ ಮುಚ್ಚಿದರು. ಅಲ್ಲಿಂದ ನಮ್ಮೂರಿಗೆ ಕಾಯಿಲೆ ಬರಲಿಲ್ಲ. ನನ್ನ ಕೆಲಸ ಉಳಿಯಿತು. ಹನ್ನೊಂದು ಮರಗಳನ್ನು ನೋಡಿದವಳು ಎಂದು ಅವಳ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಇರುವ ಒಂದು ಕಡೆ, ಗುರುತಿಲ್ಲದ ಕಾಡಿಗೆ ಹೋದ ರೋಗಿ ಎಂದಿದೆ. ಬೊಟ್ಟು ಉಜ್ಜಿ ಮರಗಳನ್ನು ಕುರುಡು ಮಾಡಿದವಳು ಅವಳೇ ಆದ್ದರಿಂದ ಅದು ಸುಳ್ಳೆಂದು ಯಾರೂ ಹೇಳುವಂತಿಲ್ಲ. ನನ್ನ ಸುಳ್ಳನ್ನು ಅವಳು ಮೊದಲೇ ಹೋಗಿ ನಿಜ ಮಾಡಿಟ್ಟಿದ್ದಳು.

ಹೊಸಬರಿಗೆ ನಾನು ಹೇಳುವುದು ಇಷ್ಟು. ಈಗ ಸುಣ್ಣವಿಲ್ಲ, ಉಂಗುರವಿಲ್ಲ, ಮೈಗೆ ಹಚ್ಚುವ ಎಣ್ಣೆ ಬಂದಿದೆ, ಚುಚ್ಚುಮದ್ದು ಬಂದಿದೆ. ಆದರೆ ಇವತ್ತು ಹೆದರಿದೆ, ಹೋಗಲಿಲ್ಲ ಎಂದು ಬರೆಯಲು ನಿಮ್ಮ ಫಾರಮಿನಲ್ಲೂ ಜಾಗವಿಲ್ಲ, ನಾನು ಕೇಳಿ ನೋಡಿದ್ದೇನೆ. ಜಾಗವಿಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ಬೈಸಿಕೊಳ್ಳಿ. ಬೈಗುಳಕ್ಕೆ ಯಾರೂ ಸತ್ತಿದ್ದಿಲ್ಲ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವ್ವ ಇರುವಷ್ಟು ವರ್ಷವೂ ಅಪ್ಪನಿಗೆ ಇಟ್ಟಳು, ಗುತ್ಯಮ್ಮನಿಗೆ ಇಡಲಿಲ್ಲ. ಒಂದು ವರ್ಷ ನನ್ನ ಹೆಂಡತಿ ಇನ್ನೊಂದು ಎಲೆ ತಂದಾಗ, “ಅಣ್ಣನ ಮಾತು ಮೀರಿದೋಳಿಗೆ ಎಂತ ಎಡೆ?” ಎಂದು ಎತ್ತಿಸಿದಳು. ಕಣ್ಣಲ್ಲಿ ನೀರಿತ್ತು, ಆದರೂ ಎತ್ತಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಕೈತೊಳೆದು ಊಟಕ್ಕೆ ಕೂತೆ. ಅವ್ವ ಅದೇ ಸಿಟ್ಟು ಹೊತ್ತುಕೊಂಡು ಹೋದಳು. ಅವಳಿಗೆ ಹೇಳಬೇಕಾದ ಹೊತ್ತು ಮುಗಿದುಹೋಯಿತು.

ಈ ವರ್ಷ ನಾನೇ ಒಂದು ಎಲೆ ಹೆಚ್ಚಿಗೆ ಹಾಕಿದೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದರು.

“ಇದು ಯಾರಿಗಪ್ಪ?” ಎಂದ ಮಗ.

“ಗುತ್ಯಮ್ಮಗೆ.”

“ನಿನ್ ಮಾತು ಕೇಳ್ದೆ ಕಾಡಿಗೆ ಹೋಗಿ ಸತ್ತೋದ್ಲು ಅಂತ ಅಜ್ಜಿ ಹೇಳಾದು, ಆ ಅತ್ತೆಗಾ?”

“ಎಲ್ಲರೂ ಕೂತ್ಕಳಿ” ಎಂದೆ. “ಅದು ಸುಳ್ಳು. ಹೇಳಿದೋನು ನಾನು.”